ಎಳೆಯ ಕೈಗಳ ಹಬ್ಬ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ದುಡಿದವನಿಗೆ ಉಣ್ಣಲು ದೊರೆಯುವುದೆಂಬುದು ಅದರ ನೇರವಾದ ಅರ್ಥ. ಆದರೆ ನಾಲ್ಕು ವರ್ಷದ ಮಗುವೊಂದು ಅಂಗಳದಲ್ಲಿ ಕುಳಿತು ಮಣ್ಣು ಕಲಸುವಾಗ ಅದಕ್ಕೆ ಮೊಸರಿನ ಚಿಂತೆ ಇರುವುದಿಲ್ಲ. ಮಣ್ಣನ್ನು ಒತ್ತಿದರೆ ತಗ್ಗು ಬೀಳುತ್ತದೆ, ಅಂಗೈಯಲ್ಲಿ ಉರುಳಿಸಿದರೆ ಉಂಡೆಯಾಗುತ್ತದೆ, ತೀಡಿದರೆ ಬತ್ತಿಯಾಗುತ್ತದೆ. ಇದನ್ನು ಕಂಡು ಮಗು ಬೆರಗಾಗುತ್ತದೆ. ತನ್ನ ಕೈಗೆ ಒಂದು ವಸ್ತುವಿನ ರೂಪವನ್ನು ಬದಲಿಸುವ ಶಕ್ತಿ ಇದೆಯೆಂದು ಮೊದಲ ಬಾರಿಗೆ ತಿಳಿಯುತ್ತದೆ. ನಮ್ಮ ಹಿರಿಯರು ವರ್ಷದ ಹಬ್ಬಗಳಲ್ಲಿ ಎಳೆಯ ಕೈಗಳಿಗೂ ಒಂದಿಷ್ಟು ಕೆಲಸವನ್ನು ಮೀಸಲಾಗಿ ಇರಿಸಿದ್ದರು. ಆ ಕೆಲಸ ಯಾವುದು, ಅದನ್ನು ಕಿರಿಯರೊಡನೆ ಮಾಡುವ ಬಗೆ ಹೇಗೆ, ಅದನ್ನು ನಾವು ಏಕೆ ಉಳಿಸಿಕೊಳ್ಳಬೇಕು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನಲ್ಲಿ ಹಂಸಭಾವಿ ಎಂಬ ಊರಿದೆ. ಮೃತ್ಯುಂಜಯ ವಿದ್ಯಾಪೀಠದಿಂದಾಗಿ ಅದು ನಾಡಿನಲ್ಲಿ ವಿದ್ಯೆಯ ಊರೆಂದು ಹೆಸರು ಪಡೆದಿದೆ. ಮಲೆನಾಡಿನ ಸೆರಗಿಗೂ ಬಯಲುಸೀಮೆಗೂ ನಡುವೆ ಇರುವ ಈ ಭಾಗದಲ್ಲಿ ಗೋವಿನಜೋಳ, ಹತ್ತಿ, ಜೋಳ ಮೊದಲಾದುವು ಬೆಳೆಯುತ್ತವೆ. ತ್ರಿಪದಿಗಳ ಸರ್ವಜ್ಞನ ಹೆಸರಿನೊಡನೆ ಸೇರಿಕೊಂಡಿರುವ ಅಬಲೂರು, ಮಾಸೂರುಗಳು ಇದೇ ಸೀಮೆಯವು. ಸರ್ವಜ್ಞನ ತಾಯಿ ಮಾಳಿ ಎಂಬವಳು ಕುಂಬಾರರ ಮನೆಯವಳೆಂದು ಐತಿಹ್ಯವು ಹೇಳುತ್ತದೆ. ಆ ಐತಿಹ್ಯಕ್ಕೆ ತಕ್ಕಂತೆ ಇಲ್ಲಿಯ ಜನಜೀವನದಲ್ಲಿ ಮಣ್ಣಿಗೆ ದೊಡ್ಡ ಸ್ಥಾನವಿದೆ. ಹಂಸಭಾವಿಯಂತಹ ಊರುಗಳಿಂದ ಹಿಡಿದು ಹಾನಗಲ್ಲು, ಶಿಗ್ಗಾವಿ, ಸವಣೂರು ಸೀಮೆಯವರೆಗೂ, ಒಟ್ಟಾರೆ ಉತ್ತರ ಕರ್ನಾಟಕದಲ್ಲೆಲ್ಲ, ಮಳೆಗಾಲವೆಂದರೆ ಮಣ್ಣಿನ ಹಬ್ಬಗಳ ಕಾಲ.

ಈ ಹಬ್ಬಗಳ ಸಾಲು ಜ್ಯೇಷ್ಠ ಮಾಸದ ಅಮಾವಾಸ್ಯೆಯಿಂದ ಮೊದಲಾಗುತ್ತದೆ. ಅದನ್ನು ಮಣ್ಣೆತ್ತಿನ ಅಮಾವಾಸ್ಯೆ ಎಂದು ಕರೆಯುತ್ತಾರೆ. ಹದಿನೈದು ದಿನ ಮೊದಲು ಕಾರಹುಣ್ಣಿಮೆಯಂದು ನಿಜವಾದ ಎತ್ತುಗಳಿಗೆ ಶೃಂಗಾರವಾಗಿರುತ್ತದೆ. ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳಿಗೆ ಪೂಜೆ ಸಲ್ಲುತ್ತದೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣು ತಂದು ಗುಳ್ಳವ್ವನನ್ನು ಮಾಡಿ ಹೂವಿನಿಂದ ಸಿಂಗರಿಸುತ್ತಾರೆ. ಶ್ರಾವಣದಲ್ಲಿ ನಾಗರಪಂಚಮಿಗೆ ಮಣ್ಣಿನ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಅವನ ಬೆನ್ನಿಗೇ ಜೋಕುಮಾರ. ಇವುಗಳಲ್ಲಿ ಗಣಪ್ಪ, ಜೋಕುಮಾರರನ್ನು ಮಾಡುವುದು ನುರಿತ ಕೈಗಳ ಕೆಲಸ. ಎತ್ತು, ಗುಳ್ಳವ್ವ, ನಾಗಪ್ಪ ಇವರಾದರೋ ಮಕ್ಕಳ ಕೈಗೂ ಎಟುಕುವವರು. ದೀಪಾವಳಿಯ ಬಲಿಪಾಡ್ಯಮಿಯಂದು ಸಗಣಿಯಿಂದ ಪುಟ್ಟ ಪಾಂಡವರನ್ನು ಮಾಡಿ ನೆತ್ತಿಗೆ ಹೂ ಸಿಕ್ಕಿಸುವ ಕೆಲಸದಲ್ಲಿಯೂ ಮಕ್ಕಳೇ ಮುಂದು.

ಇವುಗಳಲ್ಲಿ ಒಂದು ಕ್ರಮವಿರುವುದನ್ನು ಗಮನಿಸಿರಿ. ನಾಗಪ್ಪನನ್ನು ಮಾಡಲು ಮಣ್ಣನ್ನು ಬತ್ತಿಯಂತೆ ಹೊಸೆದು ಸುರುಳಿ ಸುತ್ತಿ, ತುದಿಯನ್ನು ಹೆಡೆಯಂತೆ ಚಪ್ಪಟೆ ಮಾಡಿದರೆ ಸಾಕು. ಇದು ಮೂರು ವರ್ಷದ ಮಗುವಿಗೂ ಸಾಧ್ಯ. ಎತ್ತಿಗೆ ಒಂದು ಮೈ, ನಾಲ್ಕು ಕಾಲು, ಎರಡು ಕೋಡು, ಎರಡು ಕಿವಿ, ಒಂದು ಬಾಲ, ಬೆನ್ನ ಮೇಲೊಂದು ಇಣಿ ಬೇಕು. ಇವನ್ನೆಲ್ಲ ಎಣಿಸಿ, ಎಡಕ್ಕೂ ಬಲಕ್ಕೂ ಸರಿಯಾಗಿ ಕೂರಿಸಬೇಕು. ಒಂದು ಕಾಲು ಉದ್ದವಾದರೆ ಎತ್ತು ವಾಲುತ್ತದೆ. ಐದು ವರ್ಷದ ಮಗು ಇಲ್ಲಿ ಎಣಿಕೆ, ಅಳತೆ, ಸಮತೋಲಗಳನ್ನು ಪುಸ್ತಕವಿಲ್ಲದೆ ಕಲಿಯುತ್ತದೆ. ಮಾಡಿದ ಎತ್ತನ್ನು ಹಲಗೆಯ ಮೇಲಿಟ್ಟುಕೊಂಡು ಹುಡುಗರು ಮನೆಮನೆಗೆ ಹಾಡುತ್ತ ಹೋಗಿ ಕಾಳುಕಡ್ಡಿ ಬೇಡಿ ತರುವ ರೂಢಿಯೂ ಉಂಟು. ಹೀಗೆ ಒಬ್ಬ ಬಾಲಕನ ಕೈಕೆಲಸವನ್ನು ಊರೆಲ್ಲ ನೋಡುತ್ತಿತ್ತು.

ಮಣ್ಣಿನ ಕೆಲಸಕ್ಕೂ ಒಂದು ಶಾಸ್ತ್ರವಿದೆ. ಕೆರೆಯ ಮಣ್ಣನ್ನು ತಂದು ಕುಟ್ಟಿ, ಹರಳು ಬೇರುಗಳನ್ನು ತೆಗೆದು, ಒಂದು ರಾತ್ರಿ ನೀರಿನಲ್ಲಿ ನೆನೆಯಿಡಬೇಕು. ಮರುದಿನ ಕೈಗೆ ಅಂಟದಷ್ಟು ಹದಕ್ಕೆ ಬರುವ ತನಕ ಚೆನ್ನಾಗಿ ನಾದಬೇಕು. ಬರಿಯ ಎರೆಮಣ್ಣು ಒಣಗುವಾಗ ಬಹಳ ಬಿರಿಯುತ್ತದೆ. ನೀರು ಕುಡಿದಾಗ ಉಬ್ಬಿ, ಆರಿದಾಗ ಕುಗ್ಗುವುದು ಅದರ ಗುಣ. ಬೇಸಿಗೆಯಲ್ಲಿ ಎರೆಹೊಲಗಳು ಬಾಯಿ ಬಿಡುವುದು ಇದೇ ಕಾರಣದಿಂದ. ಆದುದರಿಂದ ಅದಕ್ಕೆ ಸ್ವಲ್ಪ ನಯವಾದ ಮರಳು, ಚಿಂದಿ ಮಾಡಿದ ಹತ್ತಿ ಅಥವಾ ಹೊಟ್ಟು ಬೆರೆಸಬೇಕು. ಮಾಡಿದ ಎತ್ತನ್ನು ಬಿಸಿಲಿಗಿಟ್ಟರೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ. ಒಳಗಿನ ಮಣ್ಣು ಇನ್ನೂ ಹಸಿಯಾಗಿದ್ದು ಕುಗ್ಗಲು ಒಲ್ಲದು. ಈ ಎಳೆದಾಟದಲ್ಲಿ ಬಿರುಕು ಹುಟ್ಟುತ್ತದೆ. ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರೆ ಒಳಗೂ ಹೊರಗೂ ಒಂದೇ ಸಮನಾಗಿ ಆರುತ್ತದೆ. ಕೋಡು ಕಿವಿಗಳನ್ನು ಅಂಟಿಸುವ ಮುನ್ನ ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಿ, ತೆಳುವಾದ ಕೆಸರನ್ನು ಸವರಿ ಒತ್ತಬೇಕು. ಹಾಗೆ ಮಾಡದಿದ್ದರೆ ಮರುದಿನ ಎತ್ತು ಒಂದು ಕಡೆ, ಕೋಡು ಒಂದು ಕಡೆ ಬಿದ್ದಿರುತ್ತದೆ. ಕಣ್ಣುಗಳಿಗೆ ಜೋಳದ ಕಾಳುಗಳನ್ನು ಒತ್ತಬಹುದು. ಕೆಲವು ಕಡೆ ಗುಲಗಂಜಿಯನ್ನು ಇಡುವ ರೂಢಿಯುಂಟು. ಅದು ನೋಡಲು ಸುಂದರವಾದರೂ ಅದರ ಬೀಜವನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಎಳೆಯ ಮಕ್ಕಳಿರುವಲ್ಲಿ ಅದನ್ನು ಬಳಸಲೇಬಾರದು.

ಮಳೆ ನಿಂತು ಮಣ್ಣಿನ ಹಬ್ಬಗಳು ಮುಗಿದ ಮೇಲೆ ಕಾಗದ, ಬಿದಿರುಗಳ ಕಾಲ ಬರುತ್ತದೆ. ದೀಪಾವಳಿಗೆ ಮನೆಯ ಮುಂದೆ ಎತ್ತರದಲ್ಲಿ ಆಕಾಶಬುಟ್ಟಿಯನ್ನು ತೂಗುಹಾಕುವುದು ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಹಳೆಯ ಸಂಪ್ರದಾಯ. ಚೌಕಗಳೂ ತ್ರಿಕೋನಗಳೂ ಕೂಡಿದ ಬುಟ್ಟಿ ಅದರ ಪರಿಚಿತ ಆಕಾರಗಳಲ್ಲೊಂದು. ಪ್ರೌಢಶಾಲೆಯ ವಿದ್ಯಾರ್ಥಿಗಳಾದ ನೀವು ನಿಮ್ಮ ತಮ್ಮ ತಂಗಿಯರೊಡನೆ ಅದನ್ನು ಮನೆಯಲ್ಲಿಯೇ ಕಟ್ಟಬಹುದು.

ಮೇದಾರರಿಂದ ಬಿದಿರಿನ ತೆಳುವಾದ ದಬ್ಬೆಗಳನ್ನು ತಂದು, 20 ಸೆಂಟಿಮೀಟರ್ ಉದ್ದದ 24 ಕಡ್ಡಿಗಳನ್ನು ಕತ್ತರಿಸಿಕೊಳ್ಳಿರಿ. ನಾಲ್ಕು ನಾಲ್ಕು ಕಡ್ಡಿಗಳನ್ನು ನೂಲಿನಿಂದ ಬಿಗಿದರೆ ಆರು ಚೌಕಗಳಾಗುತ್ತವೆ. ಚೌಕವನ್ನು ಕೈಯಲ್ಲಿ ಹಿಡಿದು ಒತ್ತಿ ನೋಡಿರಿ. ಅದು ವಾಲಿಕೊಂಡು ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಒಂದು ಕಡ್ಡಿಯನ್ನು ಕಟ್ಟಿದೊಡನೆ ಅದು ಅಲುಗದೆ ನಿಲ್ಲುತ್ತದೆ. ಈಗ ಚೌಕವು ಎರಡು ತ್ರಿಕೋನಗಳಾಗಿದೆ. ತ್ರಿಕೋನವನ್ನು ಓರೆ ಮಾಡಲು ಬರುವುದಿಲ್ಲ. ಮನೆಯ ಮಾಡಿಗೂ ಕಬ್ಬಿಣದ ಸೇತುವೆಗೂ ತ್ರಿಕೋನದ ಕಟ್ಟನ್ನು ಬಳಸುವುದು ಇದೇ ಕಾರಣದಿಂದ. ಆ ಅಡ್ಡಕಡ್ಡಿ ಎಷ್ಟು ಉದ್ದವಿರಬೇಕು? ನೀವು ಕಲಿತ ಪೈಥಾಗೊರಸನ ಪ್ರಮೇಯವನ್ನು ನೆನೆದರೆ ಸುಮಾರು 28 ಸೆಂಟಿಮೀಟರ್ ಎಂದು ತಿಳಿಯುತ್ತದೆ.

ಇನ್ನು ಒಂದು ಚೌಕವನ್ನು ಮೇಲುಭಾಗಕ್ಕೆಂದು ಹಿಡಿದುಕೊಳ್ಳಿರಿ. ಅದರ ನಾಲ್ಕು ಮೂಲೆಗಳಿಗೂ ಒಂದೊಂದು ಚೌಕದ ಒಂದು ಮೂಲೆಯನ್ನು ಕಟ್ಟಿರಿ. ಈ ನಾಲ್ಕು ಚೌಕಗಳು ಗಾಳಿಪಟದಂತೆ ಮೂಲೆಯ ಮೇಲೆ ತೂಗುತ್ತವೆ. ಅವುಗಳ ಪಕ್ಕದ ಮೂಲೆಗಳನ್ನು ಒಂದಕ್ಕೊಂದು ಬಿಗಿಯಿರಿ. ಕೆಳಗಿನ ನಾಲ್ಕು ಮೂಲೆಗಳಿಗೆ ಕೊನೆಯ ಚೌಕವನ್ನು ಕಟ್ಟಿರಿ. ಒಟ್ಟು ಹನ್ನೆರಡು ಗಂಟುಗಳಾದುವು. ಈಗ ಬುಟ್ಟಿಯನ್ನು ಎತ್ತಿ ಹಿಡಿದು ನೋಡಿದರೆ ಒಂದು ವಿಸ್ಮಯ ಕಾಣುತ್ತದೆ. ನೀವು ಕಟ್ಟಿದುದು ಆರು ಚೌಕಗಳನ್ನು ಮಾತ್ರ. ಆದರೆ ಅವುಗಳ ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಮೂಡಿವೆ. ಮಗುವಿಗೆ ಎಣಿಸಲು ಹೇಳಿರಿ. ಹದಿನಾಲ್ಕು ಮುಖಗಳನ್ನು ಅದು ಸುತ್ತಿ ಸುತ್ತಿ ಎಣಿಸಿ ಕಂಡುಕೊಳ್ಳಲಿ. ಚೌಕಗಳಿಗೆ ಒಂದು ಬಣ್ಣದ ಹಾಳೆ, ತ್ರಿಕೋನಗಳಿಗೆ ಇನ್ನೊಂದು ಬಣ್ಣದ ಹಾಳೆ ಅಂಟಿಸಿ, ಕೆಳಗಿನ ಚೌಕವನ್ನು ತೆರೆದು ಬಿಟ್ಟರೆ ಬುಟ್ಟಿ ಸಿದ್ಧವಾಯಿತು.

ಅಂಟನ್ನೂ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಒಂದು ಪಾಲು ಮೈದಾ ಹಿಟ್ಟಿಗೆ ನಾಲ್ಕೈದು ಪಾಲು ನೀರು ಸೇರಿಸಿ, ಗಂಟಾಗದಂತೆ ತಿರುವುತ್ತ ಕಾಯಿಸಿದರೆ ಒಳ್ಳೆಯ ಅಂಟಾಗುತ್ತದೆ. ಹುಳು ಹಿಡಿಯದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುವ ಹಳೆಯ ಪದ್ಧತಿ ಇದೆ. ಮೈಲುತುತ್ತವು ವಿಷ, ಮಕ್ಕಳು ಕೈ ಹಚ್ಚುವ ಅಂಟಿಗೆ ಅದು ಬೇಡ. ಬೇಕಾದಷ್ಟನ್ನು ಆಯಾ ದಿನವೇ ಕಾಯಿಸಿಕೊಂಡರಾಯಿತು. ಕಾಗದದ ಬುಟ್ಟಿಯೊಳಗೆ ಎಣ್ಣೆಯ ಹಣತೆಯನ್ನಾಗಲಿ ಮೇಣದ ಬತ್ತಿಯನ್ನಾಗಲಿ ಇಡದೆ, ಕಾವು ಕಡಿಮೆಯಿರುವ ಚಿಕ್ಕ ಎಲ್.ಇ.ಡಿ. ದೀಪವನ್ನು ಇಡುವುದು ಕ್ಷೇಮ.

ದೀಪಾವಳಿಯ ಬುಟ್ಟಿಯನ್ನು ಇಳಿಸಿ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಕ್ರಿಸ್ಮಸ್ ಬರುತ್ತದೆ. ಕ್ರೈಸ್ತ ಬಾಂಧವರ ಮನೆಗಳ ಮುಂದೆ ನಕ್ಷತ್ರದೀಪಗಳು ತೂಗುತ್ತವೆ. ಅದೇ ಬಿದಿರು, ಅದೇ ನೂಲು, ಅದೇ ಅಂಟು, ಅದೇ ಬಣ್ಣದ ಹಾಳೆ. ಆಕಾರ ಮಾತ್ರ ಬೇರೆ. ಏಸುವು ಹುಟ್ಟಿದಾಗ ಪೂರ್ವದೇಶದ ಜ್ಞಾನಿಗಳಿಗೆ ನಕ್ಷತ್ರವೊಂದು ದಾರಿ ತೋರಿತೆಂದು ಬೈಬಲ್ಲಿನಲ್ಲಿ ಹೇಳಿದೆ. ಅದರ ನೆನಪಿಗಾಗಿ ಈ ದೀಪ. ಇದನ್ನು ಕಟ್ಟುವುದು ಆಕಾಶಬುಟ್ಟಿಗಿಂತ ಸುಲಭ. ಸಮನಾದ ಐದು ದಬ್ಬೆಗಳನ್ನು ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯಿಸಿ ತುದಿಗಳನ್ನು ಬಿಗಿದರೆ ಐದು ಮೂಲೆಯ ನಕ್ಷತ್ರವಾಗುತ್ತದೆ. ಒಂದೊಂದು ಮೂಲೆಯ ಕೋನವೂ 36 ಡಿಗ್ರಿ. ಐದನ್ನು ಕೂಡಿಸಿದರೆ 180. ಇಂತಹ ಎರಡು ನಕ್ಷತ್ರಗಳನ್ನು ಮಾಡಿ, ಐದು ತುದಿಗಳಲ್ಲಿಯೂ ಒಂದಕ್ಕೊಂದು ಕಟ್ಟಿ, ದಬ್ಬೆಗಳು ಒಳಗೆ ಹಾಯುವ ಐದು ಕಡೆಗಳಲ್ಲಿ ನಾಲ್ಕು ಬೆರಳು ಉದ್ದದ ಕಡ್ಡಿಗಳನ್ನು ನಡುವೆ ನಿಲ್ಲಿಸಿದರೆ ಹೊಟ್ಟೆ ಉಬ್ಬಿ ದೀಪಕ್ಕೆ ಜಾಗವಾಗುತ್ತದೆ.

ಮಂಗಳೂರು ಮೊದಲಾದ ಕರಾವಳಿಯ ಊರುಗಳಲ್ಲಿ ಈ ಹಬ್ಬಕ್ಕೆ ಮಕ್ಕಳೂ ಯುವಕರೂ ಸೇರಿ ಗೋದಲಿಯನ್ನು ಕಟ್ಟುತ್ತಾರೆ. ಏಸುವು ಹುಟ್ಟಿದ ದನದ ಕೊಟ್ಟಿಗೆಯ ಪುಟ್ಟ ಪ್ರತಿರೂಪವೇ ಗೋದಲಿ. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರಲ್ಲಿ ಸಂತ ಫ್ರಾನ್ಸಿಸರು ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನು ತಂದು ಈ ದೃಶ್ಯವನ್ನು ಏರ್ಪಡಿಸಿದರು; ಗೋದಲಿಯ ಸಂಪ್ರದಾಯವು ಅಂದಿನಿಂದ ಹಬ್ಬಿತೆನ್ನುತ್ತಾರೆ. ಅದರ ಸುತ್ತ ಹಸುರು ಹೊಲವಿರಲೆಂದು ಕೆಲವು ದಿನಗಳ ಮೊದಲೇ ಮಕ್ಕಳು ತಟ್ಟೆಗಳಲ್ಲಿ ಭತ್ತವನ್ನೋ ರಾಗಿಯನ್ನೋ ಬಿತ್ತಿ ಮೊಳಕೆ ಬರಿಸುತ್ತಾರೆ. ನಮ್ಮ ಬಯಲುಸೀಮೆಯ ಮಣ್ಣೆತ್ತು ಅಲ್ಲಿಗೆ ಹೋದರೆ ಗೋದಲಿಯ ಎತ್ತಾಗಿ ನಿಲ್ಲಲು ಅಡ್ಡಿಯೇನೂ ಇಲ್ಲ. ಮಗುವಿನ ಕೈಗೆ ಎರಡೂ ಒಂದೇ.

ಕನ್ನಡನಾಡಿನ ಬಡಗಣ ಭಾಗಕ್ಕೂ ಈ ಹಬ್ಬ ಹೊಸದಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ ನೆಲೆ ಮಾಡಿದರು. ಆಮೇಲೆ ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ಶಾಲೆಗಳನ್ನು ನಡೆಸಿದರು. ಅವರಲ್ಲಿ ಅನೇಕರು ಜರ್ಮನಿಯವರು. ಕ್ರಿಸ್ಮಸ್ ಮರವನ್ನು ಸಿಂಗರಿಸುವ ಪದ್ಧತಿ ಬೆಳೆದುಬಂದುದು ಆ ದೇಶದಲ್ಲಿ. ಗಾಜಿನ ಗುಂಡುಗಳು ಬರುವುದಕ್ಕೆ ಮೊದಲು ಅಲ್ಲಿಯ ಜನ ಮರಕ್ಕೆ ಸೇಬು, ಒಣಕಾಯಿ, ಕಾಗದದ ಹೂಗಳನ್ನು ಕಟ್ಟುತ್ತಿದ್ದರು. ಗೋದಿಯ ಹುಲ್ಲುಕಡ್ಡಿಗಳನ್ನು ನೆನೆಯಿಸಿ, ಸೀಳಿ, ಚಪ್ಪಟೆ ಮಾಡಿ, ನಡುವೆ ನೂಲು ಬಿಗಿದು ನಕ್ಷತ್ರಗಳನ್ನು ಮಾಡುವ ಕಲೆ ಇಂದಿಗೂ ಅಲ್ಲಿ ಉಳಿದಿದೆ. ಸುಗ್ಗಿ ಮುಗಿದ ಮೇಲೆ ಉಳಿದ ಹುಲ್ಲು ಒಕ್ಕಲಿಗನ ಮನೆಯ ಆಭರಣವಾಯಿತು.

ಜರ್ಮನಿಯ ಇನ್ನೊಂದು ನಕ್ಷತ್ರದ ಕಥೆ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹಿಡಿಸೀತು. ನೀಸ್ಕಿ ಎಂಬ ಊರಿನಲ್ಲಿ ಮೊರೇವಿಯನ್ ಪಂಥದವರು ನಡೆಸುತ್ತಿದ್ದ ಬಾಲಕರ ಶಾಲೆಯೊಂದಿತ್ತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿ ರೇಖಾಗಣಿತವನ್ನು ಕಲಿಸುವುದಕ್ಕಾಗಿ ಹುಡುಗರಿಂದ ಕಾಗದದ ನಕ್ಷತ್ರಗಳನ್ನು ಮಾಡಿಸಿದರು. ಅದರ ಗರ್ಭದಲ್ಲಿರುವ ಘನಾಕೃತಿಗೆ 18 ಚೌಕಗಳು, 8 ತ್ರಿಕೋನಗಳು, ಒಟ್ಟು 26 ಮುಖಗಳು. ಮುಖಮುಖಕ್ಕೂ ಒಂದೊಂದು ಕಾಗದದ ಗೋಪುರವನ್ನು ಕೂರಿಸಿ, ತೂಗುಹಾಕಲು ಒಂದನ್ನು ಬಿಟ್ಟರೆ 25 ಕಿರಣಗಳ ನಕ್ಷತ್ರವಾಗುತ್ತದೆ. ಆ ಗಣಿತದ ಪಾಠವು ಹೆರ್ನ್‌ಹುಟ್ ಎಂಬ ಊರಿನ ಹೆಸರು ಪಡೆದು, ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಕ್ರಿಸ್ಮಸ್ಸಿನ ದೀಪವಾಗಿ ಬೆಳಗುತ್ತಿದೆ. ನಮ್ಮ ಹದಿನಾಲ್ಕು ಮುಖಗಳ ಆಕಾಶಬುಟ್ಟಿಯೂ ಅವರ ಇಪ್ಪತ್ತಾರು ಮುಖಗಳ ನಕ್ಷತ್ರಗರ್ಭವೂ ಚೌಕ ತ್ರಿಕೋನಗಳ ಒಂದೇ ಮನೆತನಕ್ಕೆ ಸೇರಿದುವು.

ಹಂಸಭಾವಿಯ ಸುತ್ತಿನ ಮಕ್ಕಳಿಗೆ ಗೋದಿಯ ಹುಲ್ಲೇ ಬೇಕೆಂದಿಲ್ಲ. ಗೋವಿನಜೋಳದ ತೆನೆಯ ಹೊರಸಿಪ್ಪೆ ಸುಗ್ಗಿಯ ಕಾಲದಲ್ಲಿ ಕಣದ ಬದಿಗೆ ರಾಶಿ ರಾಶಿಯಾಗಿ ಬಿದ್ದಿರುತ್ತದೆ. ಒಳಭಾಗದ ಮೆತ್ತನೆಯ ಸಿಪ್ಪೆಗಳನ್ನು ಆಯ್ದು ಅರ್ಧ ಗಂಟೆ ನೀರಿನಲ್ಲಿ ನೆನೆಯಿಟ್ಟರೆ ಬಟ್ಟೆಯಂತೆ ಬಾಗುತ್ತವೆ. ಬೆರಳಗಲದ ಪಟ್ಟಿಗಳಾಗಿ ಸೀಳಿ, ನಾಲ್ಕನ್ನು ನಕ್ಷತ್ರದಂತೆ ಅಡ್ಡಡ್ಡ ಇಟ್ಟು, ನಡುವೆ ನೂಲಿನಿಂದ ಬಿಗಿದು, ತುದಿಗಳನ್ನು ಕತ್ತರಿಸಿದರೆ ಎಂಟು ಕಿರಣಗಳ ನಕ್ಷತ್ರ ಸಿದ್ಧ. ಇದನ್ನು ಕ್ರಿಸ್ಮಸ್ಸಿಗೆ ಮರಕ್ಕೆ ಕಟ್ಟಬಹುದು, ಸಂಕ್ರಾಂತಿಗೆ ಬಾಗಿಲಿಗೆ ತೋರಣವಾಗಿ ಪೋಣಿಸಬಹುದು. ಒಣಗಿದ ಮೇಲೆ ಅದು ತನ್ನ ಆಕಾರವನ್ನು ಬಿಡುವುದಿಲ್ಲ.

ವಸ್ತು ಸಿದ್ಧವಾದರೂ ಅದನ್ನು ಮಗುವೇ ಮಾಡುವಂತೆ ಬಿಡುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ದೊಡ್ಡವರ ಕೈ ಸುಮ್ಮನಿರುವುದಿಲ್ಲ. ಮಗು ಮಾಡಿದ ಎತ್ತಿನ ಸೊಟ್ಟ ಕಾಲನ್ನು ನೆಟ್ಟಗೆ ಮಾಡುತ್ತದೆ. ಅಂಟಿಸಿದ ಹಾಳೆಯನ್ನು ಬಿಡಿಸಿ ಮತ್ತೆ ಅಂಟಿಸುತ್ತದೆ. ಎತ್ತು ಚೆನ್ನಾಗುತ್ತದೆ, ನಿಜ. ಆದರೆ ಅದು ಮಗುವಿನ ಎತ್ತಾಗಿ ಉಳಿಯುವುದಿಲ್ಲ. ಮುಂದಿನ ವರ್ಷ ಆ ಮಗು ಮಣ್ಣನ್ನು ಮುಟ್ಟದೆ, ‘ಅಕ್ಕಾ, ನೀನೇ ಮಾಡಿಕೊಡು’ ಎನ್ನುತ್ತದೆ. ಆದುದರಿಂದ ಹಿರಿಯರಿಗೆ ಕೆಲವು ಕಟ್ಟುಪಾಡುಗಳು ಬೇಕು. ದಬ್ಬೆ ಸೀಳುವುದು, ಚಾಕು ಹಿಡಿಯುವುದು, ಒಲೆಯ ಮೇಲೆ ಅಂಟು ಕಾಯಿಸುವುದು ಹಿರಿಯರ ಕೆಲಸ. ಬಿದಿರಿನ ಸಿಬಿರು ಚುಚ್ಚದಂತೆ ಉಜ್ಜಿ ನಯ ಮಾಡಿಕೊಡಬೇಕು. ಮೂರು ವರ್ಷದೊಳಗಿನ ಮಕ್ಕಳ ಬಳಿ ಮಣಿ, ಕಾಳುಗಳನ್ನು ಬಿಡಬಾರದು, ಗಂಟಲಿಗೆ ಸಿಕ್ಕೀತು. ಒಂದು ಹೆಜ್ಜೆಯನ್ನು ತೋರಿಸಿ, ಅದು ಮುಗಿದ ಮೇಲೆಯೇ ಮುಂದಿನದನ್ನು ತೋರಿಸಬೇಕು. ಮಗುವಿಗೆ ಬೇಸರವಾದರೆ ಅಂದಿಗೆ ನಿಲ್ಲಿಸಬೇಕು. ತೋರಿಸುವಾಗ ನಮ್ಮದೊಂದು ಎತ್ತನ್ನು ಬೇರೆಯಾಗಿ ಮಾಡಿ ತೋರಿಸಬೇಕೇ ಹೊರತು ಮಗುವಿನ ಎತ್ತಿಗೆ ಕೈ ಹಾಕಬಾರದು.

ಈ ಮಾತನ್ನು ಶಿಕ್ಷಣತಜ್ಞರೂ ತಮ್ಮದೇ ರೀತಿಯಲ್ಲಿ ಹೇಳಿದ್ದಾರೆ. 1837ರಲ್ಲಿ ಜರ್ಮನಿಯಲ್ಲಿ ಶಿಶುವಿಹಾರದ ಪದ್ಧತಿಯನ್ನು ಆರಂಭಿಸಿದ ಫ್ರೀಡ್ರಿಕ್ ಫ್ರೋಬೆಲರು ಮಕ್ಕಳ ಕಲಿಕೆಯಲ್ಲಿ ಕಾಗದ ಮಡಿಸುವುದು, ಮಣ್ಣಿನ ಕೆಲಸ, ನೇಯ್ಗೆ ಇವುಗಳಿಗೆ ಸ್ಥಾನವಿತ್ತರು. ನೆನೆದ ಬಟಾಣಿ ಕಾಳುಗಳಿಗೆ ಸಣ್ಣ ಕಡ್ಡಿಗಳನ್ನು ಚುಚ್ಚಿ ಮನೆ, ಗೋಪುರಗಳನ್ನು ಕಟ್ಟುವುದು ಅವರ ಪದ್ಧತಿಯಲ್ಲೊಂದು ಆಟ. ಜೋಳದ ದಂಟಿನ ಬೆಂಡಿಗೆ ಅದರದೇ ಸಿಪ್ಪೆಯ ಕಡ್ಡಿಗಳನ್ನು ಚುಚ್ಚಿ ಬಂಡಿ ಮಾಡುವ ನಮ್ಮ ಹೊಲದ ಮಕ್ಕಳು ಅದೇ ಆಟವನ್ನು ಯಾರೂ ಹೇಳಿಕೊಡದೆ ಆಡಿದವರು. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟು, ಕೈಕಸುಬಿನ ಮೂಲಕವೇ ವಿದ್ಯೆ ಬರಬೇಕೆಂದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿಕಲಿ’ ಪದ್ಧತಿಯು ಚಟುವಟಿಕೆಗಳ ಮೂಲಕ ಕಲಿಸುವುದನ್ನು ನಮ್ಮ ಸರಕಾರಿ ಶಾಲೆಗಳಿಗೆ ತಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟ, ಚಟುವಟಿಕೆಗಳೇ ಕಲಿಕೆಯ ದಾರಿ ಎಂದಿದೆ. ಮಣ್ಣು ಹೊಸೆದು, ನೂಲು ಬಿಗಿದು ಹದಗೊಂಡ ಬೆರಳುಗಳು ಲೇಖನಿಯನ್ನು ಹಿಡಿಯಲು ತಡವರಿಸುವುದಿಲ್ಲ.

ಆದರೆ ಕಾಲವು ಬದಲಾಗಿದೆ. ಆಕಾಶಬುಟ್ಟಿ, ನಕ್ಷತ್ರ, ತೋರಣ ಎಲ್ಲವೂ ಇಂದು ಪ್ಲಾಸ್ಟಿಕ್ಕಿನಲ್ಲಿ ಸಿದ್ಧವಾಗಿ ದೊರೆಯುತ್ತವೆ. ಅವು ಅಗ್ಗ, ನೋಡಲು ಹೊಳಪು. ಮಳೆಗೆ ನೆನೆಯುವುದಿಲ್ಲವೆಂಬ ಅನುಕೂಲವೂ ಉಂಟು. ಆದರೆ ಹಬ್ಬ ಮುಗಿದ ಮೇಲೆ ಅವು ಮಣ್ಣಿಗೆ ಸೇರುವುದಿಲ್ಲ. ಭಾರತ ಸರಕಾರವು 2022ರ ಜುಲೈ 1ರಿಂದ ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು ನಿಷೇಧಿಸಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯು ಮೂರ್ತಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಲ್ಲದು, ಮಣ್ಣಿನಂತಹ ಸಹಜ ವಸ್ತುಗಳೇ ಬೇಕು ಎಂದಿದೆ. ಬಸವನನ್ನೋ ನಾಗಪ್ಪನನ್ನೋ ನೀರಿಗೆ ಬಿಟ್ಟಾಗ ಅದು ಕರಗಿ ಕೆರೆಯ ಮಣ್ಣಿಗೇ ಮರಳುವ ಪದ್ಧತಿಯನ್ನು ನಮ್ಮ ಹಳ್ಳಿಗಳು ಯಾವ ಆಜ್ಞೆಯೂ ಇಲ್ಲದೆ ನಡೆಸಿಕೊಂಡು ಬಂದಿದ್ದುವು.

ಹಾಗೆಂದು ಕೊಳ್ಳುವುದನ್ನೆಲ್ಲ ಬಿಡಬೇಕೆಂದು ಅರ್ಥವಲ್ಲ. ಕುಂಬಾರನು ಮಾಡಿದ ಜೋಡೆತ್ತಿಗೆ ಅದರದೇ ಆದ ಅಂದವಿದೆ. ಅವನ ಕಸುಬು ಉಳಿಯಬೇಕಾದರೆ ನಾವು ಅದನ್ನು ಕೊಳ್ಳಲೇಬೇಕು. ಮೇದಾರರ ದಬ್ಬೆಯನ್ನೂ ಹಾಗೆಯೇ ಬೆಲೆ ಕೊಟ್ಟು ತರಬೇಕು. ಪೂಜೆಗೆ ಕುಂಬಾರನ ಎತ್ತುಗಳು ಬರಲಿ. ಅವುಗಳ ಪಕ್ಕದಲ್ಲಿ ಮಗು ಮಾಡಿದ ಎತ್ತೂ ನಿಲ್ಲಲಿ. ಒಮ್ಮೆ ಮಣ್ಣಿನಲ್ಲಿ ಕೈಯಿಟ್ಟು ಸೋತ ಮಗುವಿಗೇ ಕುಂಬಾರನ ಕೈಯ ಬೆಲೆ ತಿಳಿಯುತ್ತದೆ.

ಅಂಗಡಿಗೂ ಹಬ್ಬಕ್ಕೂ ಇರುವ ಭೇದ ಇಲ್ಲಿ ಸ್ಪಷ್ಟವಾಗುತ್ತದೆ. ಕೋಡು ಸೊಟ್ಟಗಿರುವ ಎತ್ತನ್ನು ಅಂಗಡಿಯವನು ಮಾರಲಾರ, ಕೊಳ್ಳುವವನು ಕೊಳ್ಳಲಾರ. ಆದರೆ ಮನೆಯ ಮಗು ಮಾಡಿದ ಆ ಎತ್ತನ್ನು ಅಜ್ಜಿಯು ಜಗುಲಿಯ ಮೇಲೆ ಏರಿಸಿ, ಕುಂಬಾರನ ಎತ್ತಿಗೆ ಹಚ್ಚಿದ ಅದೇ ವಿಭೂತಿ ಕುಂಕುಮಗಳನ್ನು ಅದಕ್ಕೂ ಹಚ್ಚುತ್ತಾಳೆ. ಗೋದಲಿಯ ಮೂಲೆಯಲ್ಲಿ ಒಂದು ಕಿವಿಯ ಕುರಿಗೂ ಜಾಗ ದೊರೆಯುತ್ತದೆ. ಅಳತೆ ತಪ್ಪಿದ ನಕ್ಷತ್ರವೂ ಅಂಗಳದ ಕತ್ತಲೆಯನ್ನು ಕಳೆಯುತ್ತದೆ. ಎಳೆಯ ವಯಸ್ಸಿನಲ್ಲಿ ತನ್ನ ಕೈಕೆಲಸಕ್ಕೆ ಹೀಗೆ ಮನ್ನಣೆ ದೊರೆತ ಮಗು ಮತ್ತೊಮ್ಮೆ ಮಾಡಲು ಹೆದರುವುದಿಲ್ಲ. ಮತ್ತೆ ಮತ್ತೆ ಮಾಡಿದಾಗ ಸೊಟ್ಟ ಕಾಲು ತಾನಾಗಿಯೇ ನೆಟ್ಟಗಾಗುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ, ಇಲ್ಲವೆ ನೆರೆಮನೆಯಲ್ಲಿ, ನಿಮಗಿಂತ ಕಿರಿಯರಾದ ಮಕ್ಕಳು ಇದ್ದೇ ಇರುತ್ತಾರೆ. ಬರುವ ಹಬ್ಬ ಯಾವುದೇ ಇರಲಿ, ಅದರ ಹಿಂದಿನ ಭಾನುವಾರ ಒಂದು ಹೊತ್ತನ್ನು ಅವರಿಗಾಗಿ ಮೀಸಲಿಡಿರಿ. ಒಂದು ಹಿಡಿ ನಾದಿದ ಮಣ್ಣನ್ನೋ ನಾಲ್ಕು ಕಡ್ಡಿಗಳನ್ನೋ ಅವರ ಮುಂದಿಟ್ಟು, ನಿಮ್ಮ ಪಾಲಿನದನ್ನು ನೀವು ಮಾಡುತ್ತ ಕುಳಿತುಕೊಳ್ಳಿರಿ. ಅವರು ಮಾಡಿದುದನ್ನು ಹಬ್ಬದ ದಿನ ಎಲ್ಲರೂ ಕಾಣುವ ಕಡೆಯಲ್ಲಿ ಇಡಿರಿ.